ಸಿಸ್ಟರಮ್ಮನ ಸ್ಟೆಪ್ನಿ

ಪುಸ್ತಕಕ್ಕೆ ಮುನ್ನೂರ ಐವತ್ತು ರೂಪಾಯಿ ಕೊಟ್ಟೆ. ಮುದ್ರಿಸಿದ ಬೆಲೆಯೇ ಅಷ್ಟು. ಕಡೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಹಾಲ್‌ನಲ್ಲಿ ಪುಸ್ತಕ ಮಾರಾಟಕ್ಕೆ ಇಟ್ಟಿದ್ದರು. ಮಾರುವವನು ತಾನಾಗಿಯೇ ‘ಹತ್ತು ಪರ್ಸೆಂಟ್ ಬಿಡ್ತೀನಿ ಸಾರ್’ ಎಂದ. ಬೇಡ, ಪೂರ್ತಿ ತೆಗೆದುಕೋ ಎಂದೆ. ಆತ ನನ್ನ ಮುಖ ನೋಡಿದ. ದುಡ್ಡು ನಿಜವಾಗಿ ಬಂತೋ ಇಲ್ಲವೋ ಎಂದು ತನ್ನ ಫೋನನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಅವನ ಅನುಮಾನ ತಪ್ಪಲ್ಲ. ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚಿಸಿ, ಒಳಗಿನದು ನೋಡಿ, ಆಮೇಲೆ ದರ ಮಾತಾಡುವವನು ನಾನು. ಮಗಳ ಮದುವೆಗೆ ಛತ್ರ ಹಿಡಿಯಲು ಹೋದಾಗ ಛತ್ರದ ಯಜಮಾನ ಸುಸ್ತಾಗಿ, ‘ಅಣ್ಣಾ, ಛತ್ರ ನೀವೇ ಇಟ್ಕಳಿ, ಬಾಡಿಗೆ ನಾನೇ ಕೊಡ್ತೀನಿ’ ಎಂದಿದ್ದ. ರಸ್ತೆ ಬದಿಯ ಪಂಕ್ಚರ್ ಚಪ್ಪರದಿಂದ ಶುರುಮಾಡಿ ಕಡೂರಿನಲ್ಲಿ ಒಂದು, ತರೀಕೆರೆಯಲ್ಲಿ ಒಂದು ಟೈರ್ ಅಂಗಡಿ ಮಾಡಿಕೊಂಡದ್ದು ಸುಮ್ಮನೆ ಅಲ್ಲ. ಅಂಥವನು ಬಾಯಿ ಮುಚ್ಚಿಕೊಂಡು ಪೂರ್ತಿ ಬೆಲೆ ಕೊಡಲು ಒಬ್ಬ ಹೆಂಗಸು ಕಾರಣ. ಹೆಸರು ಬರೆಯುವುದಿಲ್ಲ. ಅಜ್ಜಂಪುರದಿಂದ ಲಕ್ಕವಳ್ಳಿಯವರೆಗೂ ಜನ ಅವರನ್ನು ಸಿಸ್ಟರಮ್ಮ ಎಂದೇ ಕರೆದದ್ದು. ಅವರ ಹೆಸರು ನನಗೆ ಗೊತ್ತಾದದ್ದೇ ಆಸ್ಪತ್ರೆಯ ಚೀಟಿಯಲ್ಲಿ.

ಅವರು ಆರೋಗ್ಯ ಇಲಾಖೆಯ ನರ್ಸು. ಹಳ್ಳಿ ಹಳ್ಳಿ ಸುತ್ತಿ ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರನ್ನು ನೋಡುವುದು ಅವರ ಕೆಲಸ. ಅದಕ್ಕೊಂದು ಮೊಪೆಡ್ಡು. ನನ್ನದು ಆಗ ಅಜ್ಜಂಪುರದಲ್ಲಿ ತಗಡಿನ ಚಪ್ಪರ, ಒಂದು ಪಂಪು, ಟ್ಯೂಬ್ ಅದ್ದಿ ನೋಡಲು ಒಂದು ತೊಟ್ಟಿ ನೀರು. ಪೇಂಟರ್ ಕೇಳಿದ ರೇಟು ಒಪ್ಪಿಗೆಯಾಗದೆ ಬೋರ್ಡನ್ನು ನಾನೇ ಬರೆದಿದ್ದೆ: ‘ಇಲ್ಲಿ ಗಾಳಿ ಬಿಡಲಾಗುವುದು.’ ತೋಟಕ್ಕೆ ನೀರು ಬಿಡುತ್ತಾರೆ, ಪಂಪ್‌ಸೆಟ್ಟಿಗೆ ಕರೆಂಟು ಬಿಡುತ್ತಾರೆ, ಹಾಗೆಯೇ ಟೈರಿಗೆ ಗಾಳಿ ಬಿಡುವುದು ಎಂದು ನನ್ನ ಲೆಕ್ಕ. ಓದಿದವರು ನಕ್ಕುಕೊಂಡು ಹೋಗುತ್ತಿದ್ದರು. ಆದರೆ ನಮ್ಮ ಕಡೆ ಗಾಳಿ ಎಂಬ ಮಾತಿಗೆ ಇನ್ನೊಂದು ಅರ್ಥ ಇದೆಯಲ್ಲ, ದೆವ್ವ ಸೋಕಿದರೂ ಗಾಳಿ ಸೋಕಿತು ಎನ್ನುತ್ತಾರಲ್ಲ, ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿನಿಂದ ಒಬ್ಬ ವಯಸ್ಸಾದ ಹೆಂಗಸು ಇಳಿದಳು. ಜೊತೆಗೆ ಸೆರಗು ಹೊದ್ದ ಸೊಸೆ. ಸಿಸ್ಟರಮ್ಮ ಮೊಪೆಡ್ ನಿಲ್ಲಿಸಿಕೊಂಡು ಪಕ್ಕದಲ್ಲೇ ಇದ್ದರು.

‘ಗಾಳಿ ಬಿಡ್ಸೋದು ಇಲ್ಲೇನಪ್ಪಾ?’ ಎಂದಳು ಅತ್ತೆ.

‘ಹೂನಮ್ಮ. ಮುಂದಿಂದಾ, ಹಿಂದಿಂದಾ?’ ಎಂದೆ.

‘ಮುಂದ್ಲದೋ ಹಿಂದ್ಲದೋ ನಂಗೇನ್ ಗೊತ್ತಪ್ಪಾ. ಅಮಾಸೆಯಿಂದ ಹಿಡ್ಕಂಡೈತೆ.’

‘ಗಾಡಿ ಎಲ್ಲೈತೆ?’

‘ಗಾಡಿ ಯಾಕೆ? ಬಸ್ಸಲ್ಲೇ ಕರ್ಕಂಡ್ ಬಂದೆ.’

ಸಿಸ್ಟರಮ್ಮ ಚಪ್ಪರದ ಕಂಬ ಹಿಡಿದುಕೊಂಡರು. ಅವರ ನಗು ಹಾಗೆ, ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಕಣ್ಣೊರೆಸಿಕೊಳ್ಳುತ್ತಾ ಆ ಹುಡುಗಿಯ ಕಡೆ ನೋಡಿದವರೇ ನಗು ನಿಲ್ಲಿಸಿದರು. ಹತ್ತಿರ ಹೋಗಿ ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಒಳಗೆ ಬಿಳಿ ಕಾಗದದ ಹಾಗಿತ್ತು.

ದೆವ್ವ ಗಿವ್ವ ಏನೂ ಇಲ್ಲ ಎಂದು ಅವರು ಭಾಷಣ ಮಾಡಲಿಲ್ಲ. ಅತ್ತೆಯ ಕಡೆ ತಿರುಗಿ, ‘ಬಿಡ್ಸೋದು ನಾನೇ ಕಣಮ್ಮ, ಇವನಲ್ಲ. ನಂದು ಮಾತ್ರೆ ಕೊಟ್ಟು ಬಿಡ್ಸೋದು. ಮನೇಲಿ ನೀನು ಸೊಪ್ಪು, ಕಾಳು, ಮೊಟ್ಟೆ ತಿನ್ನಿಸ್ಬೇಕು. ತಿನ್ನಿಸ್ಲಿಲ್ಲ ಅಂದ್ರೆ ಮತ್ತೆ ಬಂದು ಕೂತ್ಕಳ್ತದೆ, ಆಗ ನನ್ನ ಕೇಳ್ಬೇಡ’ ಎಂದು ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು.

ಸಂಜೆ ಅವರು ಮತ್ತೆ ಬಂದಾಗ ನಾನು ಬೋರ್ಡಿನ ಅಕ್ಷರ ಒರೆಸುತ್ತಿದ್ದೆ.

‘ಲೇ, ಬಿಡೋ ಅದನ್ನ. ಸರಿ ಮಾಡ್ಬೇಡ. ಬಂದೋರನ್ನ ನನ್ನ ಹತ್ರ ಕಳಿಸು.’

‘ನಿಮ್ಮ ಗಾಡಿಗೆ ಗಾಳಿ ಪುಕ್ಕಟೆ, ಆಯ್ತಾ?’ ಎಂದೆ. ನನಗೆ ಯಾವುದಕ್ಕೂ ಒಂದು ವ್ಯವಹಾರ ಕುದುರಬೇಕು.

‘ಗಾಳಿಗೆ ದುಡ್ಡು ಕೊಡ್ತೀನಿ. ಕೂತು ಓದಕ್ಕೆ ಒಂದು ಸ್ಟೂಲ್ ಕೊಡು, ಸಾಕು.’

ಆ ಸ್ಟೂಲಿನ ಮೇಲೆ ಅವರು ಓದಿದ್ದನ್ನು ನಾನು ಎಷ್ಟೋ ವರ್ಷ ನೋಡಿದೆ. ಲಸಿಕೆ ಡಬ್ಬಿಯ ಜೊತೆ ಒಂದು ಖಾಕಿ ಬ್ಯಾಗು, ಅದರಲ್ಲಿ ಯಾವಾಗಲೂ ಎರಡು ಪುಸ್ತಕ. ಒಂದು ಓದುತ್ತಿರುವುದು, ಅದರ ಕೆಳಗೆ ಮುಂದೆ ಓದುವುದು. ಎರಡು ಯಾಕೆ ಹೊರುತ್ತೀರಿ ಎಂದು ಕೇಳಿದ್ದಕ್ಕೆ, ‘ಸ್ಟೆಪ್ನಿ ಇಲ್ದೆ ರೋಡಿಗೆ ಇಳೀಬೇಡಿ ಅಂತ ಬಂದೋರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ನಿನ್ನಿಂದಲೇ ಕಲ್ತಿದ್ದು’ ಎಂದರು. ನಾನು ಹಾಗೆ ಹೇಳುತ್ತಿದ್ದದ್ದು ಗಾಡಿಗೊಂದು ಹೆಚ್ಚಿನ ಟೈರ್ ಮಾರಲು. ಅವರ ಬಾಯಲ್ಲಿ ಅದಕ್ಕೆ ಬೆಲೆ ಬಂತು.

ಅವರಿಗೆ ಇಷ್ಟವಾದದ್ದು ನಗಿಸುವ ದೆವ್ವದ ಕಥೆ. ‘ದಿನಾ ಹೆದರಿದೋರ ಮುಖಾನೇ ನೋಡ್ತೀನಿ ಕಣೋ. ನಗೋ ದೆವ್ವ ಒಂದಾದ್ರೂ ಬೇಡ್ವ?’ ಎನ್ನುತ್ತಿದ್ದರು. ಹಾಗೆಂದು ಒಂದರ ಹಿಂದೆ ಒಂದು ಅದನ್ನೇ ಓದುವವರಲ್ಲ. ಒಬ್ಬಟ್ಟಿನ ಮೇಲೆ ಒಬ್ಬಟ್ಟು ತಿಂದರೆ ಮೂರನೆಯದು ಬರೀ ಹಿಟ್ಟು ಎನ್ನುವುದು ಅವರ ಮಾತು. ನನಗೆ ಓದುವ ಹುಚ್ಚು ಹತ್ತಿಸಿದ್ದೂ ಅವರೇ. ಪುಸ್ತಕ ಆರಿಸುವಾಗ ಮೊದಲ ಪುಟ ನೋಡಲು ಬಿಡುತ್ತಿರಲಿಲ್ಲ. ‘ಮೊದಲನೇ ಪುಟ ಅಂದ್ರೆ ನೀನು ಅಂಗಡಿ ಮುಂದೆ ನೇತಾಕಿರ್ತೀಯಲ್ಲ, ಆ ಟೈರು. ಒಳಗಿಂದ ತೆಗೆಸಿ ನೋಡು. ಮಧ್ಯಕ್ಕೆ ತೆಗಿ. ಅಲ್ಲಿ ಯಾರೋ ಏನೋ ಮಾಡ್ತಿರ್ತಾರೆ. ಯಾಕೆ ಮಾಡ್ತಿದಾರೆ ಅಂತ ನಿಂಗೆ ಅನ್ನಿಸ್ತಾ, ತಗೋ. ಅನ್ನಿಸ್ಲಿಲ್ವಾ, ಇಟ್ಬಿಡು.’

ಒಮ್ಮೆ ಬೀರೂರಿನಲ್ಲಿ ಹಳೆ ಪೇಪರ್ ಅಂಗಡಿಯವನ ಹತ್ತಿರ ಒಂದು ಗಂಟೆ ವಾದ ಮಾಡಿ, ಒಂದು ಮೂಟೆ ಕಾದಂಬರಿಗಳನ್ನು ತೂಕಕ್ಕೆ ತಂದು ಅವರ ಮುಂದೆ ಇಟ್ಟೆ. ಹಿಗ್ಗುತ್ತಾರೆ ಎಂದುಕೊಂಡಿದ್ದೆ.

‘ಇದ್ರಲ್ಲಿ ನಂಗೆ ಬೇಕಾಗಿದ್ದು ಯಾವ್ದು?’

‘ಎಲ್ಲಾ ಅಗ್ಗಕ್ಕೆ ಸಿಕ್ತು ಸಿಸ್ಟರಮ್ಮ.’

‘ಅದೇ ನಿನ್ನ ರೋಗ. ಚೌಕಾಸಿಗೆ ಕೂತ್ರೆ ಬೇಕಾದ್ದು ಮರ್ತುಹೋಗಿ ಸಿಕ್ಕಿದ್ದು ತರ್ತೀಯ. ಟೈರಿಗೆ ಮಾಡ್ಕೋ, ಪುಸ್ತಕಕ್ಕೆ ಮಾಡ್ಬೇಡ. ಚೌಕಾಸಿ ಮಾಡಿದ ಪುಸ್ತಕ ನಾನು ಮುಟ್ಟಲ್ಲ.’

ಮುಟ್ಟಲೂ ಇಲ್ಲ. ಆ ಮೂಟೆ ನನ್ನ ಅಟ್ಟದಲ್ಲಿದೆ.

ಅವರಿಗೆ ಲಕ್ಕವಳ್ಳಿಗೆ ವರ್ಗವಾಯಿತು, ಅಲ್ಲಿಯೇ ನಿವೃತ್ತರಾದರು. ಮದುವೆಯಾಗಿರಲಿಲ್ಲ. ತರೀಕೆರೆಯಲ್ಲಿ ತಂಗಿಯ ಜೊತೆ ಮನೆ ಮಾಡಿದರು. ಅಷ್ಟರಲ್ಲಿ ನಾನು ತರೀಕೆರೆಯ ಅಂಗಡಿ ತೆರೆದಿದ್ದೆ. ಆಮೇಲೆ ಅವರ ಕಿಡ್ನಿ ಕೈಕೊಟ್ಟಿತು. ತರೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಎಂದರು.

ಅದು ನಾಲ್ಕು ಗಂಟೆಯ ಕೆಲಸ. ಒಂದು ಕೈಗೆ ಸೂಜಿ ಹಾಕಿ ಕೊಳವೆ ಜೋಡಿಸಿರುತ್ತಾರೆ, ಆ ಕೈ ಆಡಿಸುವಂತಿಲ್ಲ. ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಪುಟ ತಿರುಗಿಸಲು ಅವರು ಪಡುತ್ತಿದ್ದ ಪಾಡು ನೋಡಿ, ಕೊಡಿ ಇಲ್ಲಿ, ನಾನೇ ಓದುತ್ತೇನೆ ಎಂದೆ. ಅವರು ಇಲಾಖೆಯವರೇ ಆದದ್ದರಿಂದ, ಮುಖಕ್ಕೆ ಮಾಸ್ಕ್ ಹಾಕಿಸಿ ನನ್ನನ್ನು ಒಳಗೆ ಬಿಟ್ಟರು.

ಒಂದು ಕಡೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಕಾಲು ಅಲ್ಲಾಡಿಸುತ್ತೇನೆ. ಕಿಟಕಿಗೆ ಹೋಗಿ ಬರುತ್ತೇನೆ. ಜೇಬಿನಲ್ಲಿ ಫೋನ್ ಗುರುಗುಡುತ್ತದೆ. ಕಡೂರಿನಲ್ಲಿ ಲೋಡ್ ಇಳಿಸಬೇಕು, ಅಜ್ಜಂಪುರದವನೊಬ್ಬ ಟ್ರ್ಯಾಕ್ಟರ್ ಟೈರಿಗೆ ಕಾಯುತ್ತಿದ್ದಾನೆ. ‘ನನ್ನ ರಕ್ತ ಸುತ್ತೋದಕ್ಕಿಂತ ಜಾಸ್ತಿ ನೀನು ಸುತ್ತುತೀಯ, ಕೂತ್ಕೋ’ ಎಂದು ಅವರು ಗದರಿಸುತ್ತಿದ್ದರು.

ಓದುತ್ತಿದ್ದ ಪುಸ್ತಕಕ್ಕೆ ರಟ್ಟು ಇರಲಿಲ್ಲ, ಹೆಸರಿನ ಪುಟವೂ ಹರಿದುಹೋಗಿತ್ತು. ಆದ್ದರಿಂದ ಯಾರದ್ದು ಎಂದು ನನ್ನನ್ನು ಕೇಳಬೇಡಿ. ಕಥೆ ಹೇಳುತ್ತೇನೆ. ಬಾವಿಯಲ್ಲಿದ್ದ ಒಂದು ಹೆಣ್ಣು ದೆವ್ವ ಹೊಸದಾಗಿ ಬಂದ ಸೊಸೆಯ ಮೈಮೇಲೆ ಬರುತ್ತದೆ, ಮನೆಯವರನ್ನು ಹೆದರಿಸೋಣ ಎಂದು. ಸೊಸೆಗೆ ಅಡುಗೆ ಬಾರದು, ದೆವ್ವಕ್ಕೆ ಬರುತ್ತದೆ. ದೆವ್ವ ಮಾಡಿದ ಬಸ್ಸಾರು ಉಂಡ ಅತ್ತೆ ಬೆರಳು ನೆಕ್ಕಿಕೊಂಡು, ಇನ್ನು ಇದನ್ನು ಬಿಡಿಸುವ ಮಾತಿಲ್ಲ ಎಂದು ತೀರ್ಮಾನಿಸುತ್ತಾಳೆ. ಅಲ್ಲಿಂದ ದೆವ್ವದ ಗ್ರಹಚಾರ ಶುರು. ಮುದ್ದೆ ತಿರುವು, ಹಪ್ಪಳ ಲಟ್ಟಿಸು, ಉಪ್ಪಿನಕಾಯಿ ಹಾಕು. ಮಂತ್ರವಾದಿ ಬಂದಾಗ ದೆವ್ವವೇ ಅವನ ಕಾಲಿಗೆ ಬಿದ್ದು ‘ನನ್ನನ್ನು ಬಿಡಿಸಿ’ ಎಂದು ಅಳುತ್ತದೆ. ಅತ್ತೆ ಪೊರಕೆ ತೆಗೆದುಕೊಂಡು ಮಂತ್ರವಾದಿಯನ್ನು ಓಡಿಸುತ್ತಾಳೆ.

ಪಕ್ಕದ ಮಂಚದಲ್ಲಿ ಲಕ್ಕವಳ್ಳಿಯ ಒಬ್ಬ ಹಿರಿಯರು ಮಲಗಿರುತ್ತಿದ್ದರು. ಡ್ಯಾಮಿನಲ್ಲಿ ಗೇಟು ಎತ್ತಿಳಿಸುವ ಕೆಲಸ ಮಾಡಿ ನಿವೃತ್ತರಾದವರು. ಮೊದಮೊದಲು ಗೋಡೆಗೆ ಮುಖ ಮಾಡಿ, ಇದೆಲ್ಲ ತಮಗೆ ಸಂಬಂಧವಿಲ್ಲ ಎಂಬಂತೆ ಇದ್ದರು. ಮಂತ್ರವಾದಿಯ ಭಾಗ ಬಂದಾಗ ಗೋಡೆಯ ಕಡೆಯಿಂದಲೇ, ‘ಏನ್ರೀ ಟೈರ್ನೋರೇ, ಹೆಂಗಸ್ರಿಗೆ ಗುಟ್ಟು ಹೇಳ್ದಂಗೆ ಓದ್ತೀರಲ್ಲ, ಒಸಿ ಜೋರಾಗಿ ಓದ್ರಿ’ ಎಂದರು.

ಒಂದು ದಿನ ಕನ್ನಡಕ ತೆಗೆದುಕೊಡು ಎಂದು ಸಿಸ್ಟರಮ್ಮ ಹೇಳಿದರು. ಖಾಕಿ ಬ್ಯಾಗಿಗೆ ಕೈ ಹಾಕಿದೆ. ಕನ್ನಡಕ ಇತ್ತು, ನೀರಿನ ಬಾಟಲಿ ಇತ್ತು. ಎರಡನೆಯ ಪುಸ್ತಕ ಇರಲಿಲ್ಲ. ಮನೆಯಲ್ಲಿ ಮರೆತಿರಬಹುದು ಎಂದುಕೊಂಡೆ. ಮುಂದಿನ ಸಲ ನಾನಾಗಿಯೇ ಬ್ಯಾಗ್ ನೋಡಿದೆ. ಆಗಲೂ ಇರಲಿಲ್ಲ. ಗಾಡಿ ನೋಡಿದ ಕೂಡಲೇ ಅದರ ಸ್ಟೆಪ್ನಿ ಜಾಗ ಖಾಲಿ ಇದೆಯೇ ಎಂದು ನೋಡುವ ಕಣ್ಣು ನನ್ನದು.

‘ಸಿಸ್ಟರಮ್ಮ, ಸ್ಟೆಪ್ನಿ ಎಲ್ಲಿ?’

ಅವರು ಮೇಲಿನ ಫ್ಯಾನ್ ನೋಡುತ್ತಾ ಹೇಳಿದರು: ‘ಊರು ಹತ್ರ ಬಂತಲ್ಲೋ. ಇನ್ಯಾಕೆ ಸ್ಟೆಪ್ನಿ.’

ಅವರೇ ಮುಂದುವರಿಸಿದರು. ‘ಈ ಕಥೆ ಮುಗೀಲಿ. ಆಮೇಲೆ ಈ ಮಂಚಕ್ಕೆ ನಾನು ಬರಲ್ಲ. ತಂಗಿಗೆ ಹೇಳಿದೀನಿ, ಡಾಕ್ಟ್ರಿಗೂ ಹೇಳ್ತೀನಿ. ನಿಲ್ಸಿದ್ರೆ ಏನಾಗುತ್ತೆ ಅಂತ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ.’

‘ಇನ್ನೊಂದು ಪುಸ್ತಕ ತರ್ತೀನಿ.’

‘ಅದಕ್ಕೇ ಬೇಡ ಅಂದಿದ್ದು. ಶುರು ಮಾಡಿದ್ರೆ ಅರ್ಧಕ್ಕೆ ಬಿಡಕ್ಕೆ ನಂಗಾಗಲ್ಲ, ನಿಂಗೊತ್ತು. ನೀನೂ ಆ ಅತ್ತೆ ಥರಾನೇ ಕಣೋ. ಹೊರಟಿರೋ ದೆವ್ವಾನ ಹೋಗಕ್ಕೆ ಬಿಡಲ್ಲ.’

ಬದುಕಿನಲ್ಲಿ ಎಷ್ಟೋ ಜನರ ಜೊತೆ ದರ ಮಾತಾಡಿದ್ದೇನೆ. ಎದುರಿನವನಿಗೆ ಏನೋ ಬೇಕಾಗಿರುತ್ತದೆ, ಅದನ್ನು ಹಿಡಿದುಕೊಂಡು ಎಳೆಯುವುದು ವ್ಯಾಪಾರ. ಏನೂ ಬೇಡ ಎನ್ನುವವರ ಹತ್ತಿರ ಹೇಗೆ ಮಾತಾಡುವುದು? ಅವತ್ತು ಕಡೂರಿಗೆ ವಾಪಸ್ ಹೋಗುವಾಗ ಬೀರೂರು ದಾಟಿದ್ದೇ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಕೂರಲಾಗದೆ ಮತ್ತೆ ಎದ್ದೆ. ಅಂಗಡಿ ಅಂಗಡಿ ತಿರುಗಿದೆ, ಶಿವಮೊಗ್ಗಕ್ಕೂ ಹೋದೆ. ಪೂರ್ತಿ ಬೆಲೆ ಕೊಟ್ಟು ಪುಸ್ತಕ ತಂದೆ. ಒಂದು ದಪ್ಪದ್ದು, ಒಂದು ಸಣ್ಣದು, ಒಂದು ಮಧ್ಯಮದ್ದು. ಬಟ್ಟೆಯ ಚೀಲದಲ್ಲಿ ಹಾಕಿ ಅವರ ಕಣ್ಣಿಗೆ ಬೀಳುವ ಹಾಗೆ ಮಂಚದ ಕಾಲಿನ ಹತ್ತಿರ ಇಟ್ಟೆ. ಅವರು ಅತ್ತ ನೋಡಲಿಲ್ಲ.

ಉಳಿದದ್ದು ಒಂದೇ ದಾರಿ, ಕಥೆ ಎಳೆಯುವುದು. ಗುರುತು ತಪ್ಪಿಹೋಯಿತು ಎಂದು ಹಿಂದಿನ ಪುಟಕ್ಕೆ ಹೋದೆ. ಬಸ್ಸಾರಿನ ವರ್ಣನೆಯನ್ನು ಮತ್ತೆ ಓದಿದೆ. ಕೆಮ್ಮಿದೆ, ನೀರು ಕುಡಿದೆ.

‘ಈ ಬಸ್ಸಾರು ಹೋದ ವಾರವೇ ಉಂಡಾಯ್ತು ಕಣೋ’ ಎಂದರು ಸಿಸ್ಟರಮ್ಮ ಕಣ್ಣು ಮುಚ್ಚಿಕೊಂಡೇ. ‘ಊರು ಗೊತ್ತಿಲ್ದೋರನ್ನ ಹತ್ತಿಸ್ಕೊಂಡ ಆಟೋದವನ ಥರ ಸುತ್ತಾಡಿಸ್ತೀಯಲ್ಲ, ನೇರ ಹೋಗು.’

ಗೇಟಿನ ಯಜಮಾನರು ಮಾತ್ರ, ‘ಬಸ್ಸಾರು ಇನ್ನೊಂದ್ ಸತಿ ಆದ್ರೆ ಏನಮ್ಮ, ನಂಗಂತೂ ಬೇಸ್ರ ಇಲ್ಲ’ ಎಂದರು. ಅವರಿಗೆ ನಮ್ಮ ಮಾತು ಕೇಳಿಸಿತ್ತೇ, ಇಲ್ಲವೇ, ಇವತ್ತಿಗೂ ಗೊತ್ತಿಲ್ಲ.

ಕೊನೆಯ ಅಧ್ಯಾಯ ಬಂದೇ ಬಂತು. ಅಂಥ ತಮಾಷೆಯ ಪುಟಗಳನ್ನು ಅಷ್ಟು ಕೆಟ್ಟ ದನಿಯಲ್ಲಿ ಯಾರೂ ಓದಿರಲಾರರು. ಸೊಸೆ ಕೊನೆಗೂ ಅಡುಗೆ ಕಲಿತಿದ್ದಾಳೆ. ಅತ್ತೆ ಮನಸ್ಸು ಗಟ್ಟಿ ಮಾಡಿಕೊಂಡು, ಹೋಗಮ್ಮ, ನಿನಗೂ ಸಾಕಾಗಿದೆ ಎಂದು ದೆವ್ವಕ್ಕೆ ಅರಿಶಿನ ಕುಂಕುಮ ಕೊಡುತ್ತಾಳೆ. ದೆವ್ವ ಕುಣಿಯುತ್ತಾ ಹೊರಡುತ್ತದೆ. ಹಜಾರ ದಾಟುತ್ತದೆ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತದೆ. ತಲೆ ಕೆರೆದುಕೊಂಡು ಹಿಂತಿರುಗಿ, ‘ಅಲ್ಲಾ, ನಾಳೆ ತಿಂಡಿಗೇನು?’ ಎಂದು ಕೇಳುತ್ತದೆ. ಅಲ್ಲಿಗೆ ಮುಗಿಯಿತು.

ಸಿಸ್ಟರಮ್ಮನ ಭುಜ ಕುಣಿಯತೊಡಗಿತು. ಕೈ ಅಲ್ಲಾಡಿ ಯಂತ್ರ ಕೂಗಿಕೊಂಡಿತು. ಟೆಕ್ನಿಷಿಯನ್ ಹುಡುಗಿ ಓಡಿ ಬಂದು, ‘ಅಲ್ಲಾಡ್ಬೇಡಿ ಅಮ್ಮ’ ಎಂದು ಕೊಳವೆ ಸರಿಮಾಡಿದಳು. ಆ ಕಡೆ ಮಂಚದಲ್ಲಿ ಗೇಟಿನ ಯಜಮಾನರು ಕೆಮ್ಮುತ್ತಾ ನಗುತ್ತಿದ್ದರು. ನಾನೊಬ್ಬ ಮಾತ್ರ ಪುಸ್ತಕ ಮುಚ್ಚಿ ಹಿಡಿದುಕೊಂಡು ನೆಲ ನೋಡುತ್ತಾ ಕೂತಿದ್ದೆ. ಕಾಲು ಕೂಡ ಅಲ್ಲಾಡುತ್ತಿರಲಿಲ್ಲ.

ಟೆಕ್ನಿಷಿಯನ್ ಹುಡುಗಿ ಹೋದ ಮೇಲೆ ಸಿಸ್ಟರಮ್ಮ, ‘ಲೇ’ ಎಂದರು.

‘ಹೇಳಿ.’

‘ಆ ಚೀಲದಲ್ಲಿ ಏನಿಟ್ಟಿದೀಯ?’

ನಾನು ಪುಸ್ತಕಗಳನ್ನು ತೆಗೆದೆ. ದಪ್ಪದ್ದನ್ನೇ ಮೇಲಿಟ್ಟೆ.

‘ಅದನ್ನ ಮುಂದಕ್ಕೆ ತಳ್ಬೇಡ, ನಂಗೆ ಗೊತ್ತಾಗುತ್ತೆ. ಒಂದೊಂದ್ರದ್ದೂ ಮಧ್ಯದ ಪುಟ ಓದು.’

ದಪ್ಪದ್ದರಲ್ಲಿ ರಾಜರು ಯುದ್ಧ ಮಾಡುತ್ತಿದ್ದರು. ಬೇಡ ಎಂದರು. ಸಣ್ಣದು ಇನ್ನೊಂದು ದೆವ್ವದ ಕಥೆ. ‘ಈಗಷ್ಟೇ ಒಬ್ಬಟ್ಟು ತಿಂದೀನಿ’ ಎಂದರು. ಮೂರನೆಯದರಲ್ಲಿ ಊಟದ ಮೆಸ್ ನಡೆಸುವ ಒಬ್ಬಾಕೆ ಅಡುಗೆಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಬಾವಿಗೆ ಎಸೆಯುತ್ತಿದ್ದಳು.

‘ಯಾಕೆ ಎಸೆದ್ಲು?’

‘ನಂಗೊತ್ತಿಲ್ಲ ಸಿಸ್ಟರಮ್ಮ.’

‘ನಂಗೂ ಗೊತ್ತಿಲ್ಲ. ಬ್ಯಾಗಲ್ಲಿ ಹಾಕು.’

ಆಮೇಲೆ ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಮೆಸ್ಸಿನ ಹೆಂಗಸಿನ ಕಥೆ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ಪ್ರತಿ ಸಲ ಬ್ಯಾಗಿಗೆ ಕೈ ಹಾಕಿದಾಗ ನನ್ನ ಬೆರಳು ಮೊದಲು ಹುಡುಕುತ್ತಿದ್ದದ್ದು ಕೆಳಗಿನ ಪುಸ್ತಕವನ್ನು. ಇರುತ್ತಿತ್ತು. ಆದರೂ ಮುಂದಿನ ಸಲದವರೆಗೆ ನನಗೆ ನೆಮ್ಮದಿ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ತಂಗಿ ಫೋನ್ ಮಾಡಿದಾಗ ನಾನು ಕಡೂರಿನಲ್ಲಿ ಒಬ್ಬ ಲಾರಿ ಮಾಲೀಕನ ಜೊತೆ ದರ ಮಾತಾಡುತ್ತಿದ್ದೆ. ಅವನು ಹೇಳಿದ್ದಕ್ಕೆ ಹೂಂ ಎಂದು ಹೊರಟುಬಿಟ್ಟೆ. ಎಲ್ಲಾ ಮುಗಿದ ಮೇಲೆ ತಂಗಿ ಖಾಕಿ ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ‘ಅಕ್ಕನ ಪುಸ್ತಕ ನೀವೇ ತಂದಿದ್ದಲ್ವ ಅಣ್ಣ, ನೀವೇ ಇಟ್ಕಳಿ.’ ಮೇಲೆ ಅರ್ಧ ಓದಿದ ಪುಸ್ತಕ. ಕೆಳಗೆ ಇನ್ನೂ ಶುರು ಮಾಡದ ಸ್ಟೆಪ್ನಿ. ಅರ್ಧಕ್ಕೆ ಬಿಟ್ಟು ಹೋದದ್ದು ಅದೊಂದೇ ಇರಬೇಕು. ಆದರೆ ಮುಂದಿನದನ್ನು ಆರಿಸಿ ಇಟ್ಟುಕೊಂಡಿದ್ದರು.

ಅವರು ಅಲ್ಲಿ ಬಿಟ್ಟಿದ್ದ ಒಂದು ಹೊದಿಕೆ ತರಲು ಡಯಾಲಿಸಿಸ್ ಕೇಂದ್ರಕ್ಕೆ ಹೋದೆ. ಅವರ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಹೊರಡುತ್ತಿದ್ದವನನ್ನು ಗೇಟಿನ ಯಜಮಾನರು ಕರೆದರು.

‘ಟೈರ್ನೋರೇ, ಎಲ್ಲಿಗ್ ಬಂದಿತ್ತು ಕತೆ?’

‘ಯಜಮಾನ್ರೇ, ಅವರೇ ಇಲ್ಲ, ಇನ್ನೇನು.’

‘ಅಮ್ಮ ಹೋದ್ರು ಕಣ್ರೀ, ನಾನಿದೀನಲ್ಲ. ನಂಗೊಬ್ಬಂಗೆ ಅರ್ಧಕ್ಕೆ ಬಿಟ್ಟು ಹೋಗ್ತೀರಾ? ಕೂತ್ಕಳಿ.’

ಕೂತೆ. ಅರ್ಧ ಉಳಿದದ್ದನ್ನು ಮುಗಿಸಿದೆವು. ಸ್ಟೆಪ್ನಿಯನ್ನೂ ತೆಗೆದೆವು. ಹೋದ ವಾರ ಅದೂ ಕೊನೆಗೆ ಬಂತು. ‘ಮುಂದೇನ್ರೀ?’ ಎಂದು ಯಜಮಾನರು ಕೇಳಿದಾಗ ನನ್ನ ಕೈ ತಾನಾಗಿ ಬ್ಯಾಗಿಗೆ ಹೋಯಿತು. ಖಾಲಿ. ಅವತ್ತೇ ಕಡೂರಿಗೆ ಬಂದವನು ನೇರ ಪುಸ್ತಕ ಮಾರುವ ಆ ಹಾಲ್‌ಗೆ ಹೋದದ್ದು. ಮಧ್ಯದ ಪುಟ ತೆಗೆದೆ. ಒಬ್ಬ ಹೆಡ್‌ಮಾಸ್ತರ ತನ್ನದೇ ಶಾಲೆಯ ಕಿಟಕಿ ಹಾರಿ ಒಳಗೆ ಹೋಗುತ್ತಿದ್ದ. ಯಾಕೋ ಗೊತ್ತಾಗಲಿಲ್ಲ. ಹೇಳಿದಷ್ಟು ಕೊಟ್ಟು ತಂದೆ.

ನಿಮಗೂ ಇಷ್ಟು ಹೇಳುತ್ತೇನೆ, ಕೇಳಿದರೆ ಲಾಭ ನಿಮಗೆ. ನಗಿಸಿದ ಪುಸ್ತಕ ಮುಗಿದ ಕೂಡಲೇ ಅದೇ ಥರದ್ದಕ್ಕೆ ಕೈ ಹಾಕಬೇಡಿ, ನಾಲಿಗೆ ಆರಲು ಬಿಡಿ. ಮಧ್ಯಕ್ಕೆ ತೆಗೆದು ನೋಡಿ. ಬೆಲೆಯನ್ನು ಕೊನೆಯಲ್ಲಿ ನೋಡಿ, ಚೌಕಾಸಿಯನ್ನು ಸೊಪ್ಪಿಗೆ, ಟೈರಿಗೆ ಇಟ್ಟುಕೊಳ್ಳಿ. ನನ್ನ ಅಂಗಡಿಗೆ ಬಂದರೆ ಮಾಡಿ, ನನಗೂ ಅದು ಖುಷಿಯೇ. ಮನೆಯಲ್ಲಿ ಓದುವವರು ಯಾರಾದರೂ ಇದ್ದರೆ, ಅವರು ಓದುತ್ತಿರುವುದು ಯಾವುದು ಎಂದು ಕೇಳಿ ಸುಮ್ಮನಾಗಬೇಡಿ. ಮುಂದೆ ಓದುವುದು ಯಾವುದು ಎಂದು ಕೇಳಿ. ಏನೂ ಇಲ್ಲ ಎಂದರೆ ಅಲ್ಲಿಂದ ಏಳಬೇಡಿ. ಯಾಕೆ ಇಲ್ಲ ಎಂದು ಕೇಳಿ.